ಎಳೆ ಮಗು ಇರುವ ಮನೆಯಲ್ಲಿ ಚಳಿಗಾಲದ ಗೆಳೆಯರ ಕೂಟ

ಮಗು ಬಂದ ಮೇಲೆ ಗೆಳೆಯರ ಜೊತೆ ಕೂತು ಹರಟುವುದು ತಪ್ಪಿಹೋಗಬೇಕಿಲ್ಲ. ಹೊತ್ತನ್ನು ಮಾತ್ರ ಮಗುವಿಗೆ ಹೊಂದಿಸಿಕೊಳ್ಳಿ. ಎಳೆ ಮಕ್ಕಳು ಸಂಜೆಯಾದಂತೆ ರಚ್ಚೆ ಹಿಡಿಯುವುದು ಹೆಚ್ಚು. ಹಾಗಾಗಿ ರಾತ್ರಿ ಊಟಕ್ಕಿಂತ ಮಧ್ಯಾಹ್ನ 3ರಿಂದ 5 ವಾಸಿ; ಮುಗಿಯುವ ಸಮಯವನ್ನೂ ಕರೆಯುವಾಗಲೇ ಹೇಳಿಬಿಡಿ. ನಾಲ್ಕೈದು ಜನ ಸಾಕು. ನೆಗಡಿ, ಕೆಮ್ಮು ಇರುವವರು, ತುಟಿಯ ಮೇಲೆ ಹರ್ಪಿಸ್ ಗುಳ್ಳೆ ಎದ್ದವರು ಇನ್ನೊಮ್ಮೆ ಬರಲಿ. ಹರ್ಪಿಸ್ ವೈರಸ್ ನವಜಾತ ಶಿಶುವಿನ ಪ್ರಾಣಕ್ಕೇ ಕುತ್ತು ತರಬಲ್ಲದು, ಸಂಕೋಚ ಬೇಡವೇ ಬೇಡ. ಉಳಿದವರು ಬಂದ ಕೂಡಲೇ ಸೋಪು ಹಚ್ಚಿ 20 ಸೆಕೆಂಡು ಕೈ ತೊಳೆಯಲಿ. ಮುತ್ತು ಕೊಡುವುದು ಬೇಡ.

ಊಟಕ್ಕೆ ಸೂಪಿನಷ್ಟು ಅನುಕೂಲದ್ದು ಇನ್ನೊಂದಿಲ್ಲ, ಹಿಂದಿನ ದಿನವೇ ಮಾಡಿಡಬಹುದು. ಆರು ಜನಕ್ಕೆ 700 ಗ್ರಾಂ ಕ್ಯಾರೆಟ್, ಒಂದು ಆಲೂಗಡ್ಡೆ, ಎರಡು ಈರುಳ್ಳಿ, ಒಂದಿಂಚು ಶುಂಠಿ, ಒಂದೂಕಾಲು ಲೀಟರ್ ನೀರು. ಎರಡು ಚಮಚ ಬೆಣ್ಣೆಯಲ್ಲಿ ಈರುಳ್ಳಿ ಮೆತ್ತಗಾಗುವವರೆಗೆ ಬಾಡಿಸಿ, ಉಳಿದದ್ದನ್ನೆಲ್ಲ ಹಾಕಿ 20 ನಿಮಿಷ ಬೇಯಿಸಿ. ರುಬ್ಬುವಾಗ ಎಚ್ಚರ: ಬಿಸಿಬಿಸಿಯಾಗಿಯೇ ಮಿಕ್ಸಿ ಜಾರಿಗೆ ತುಂಬಿದರೆ ಒಳಗಿನ ಹಬೆ ಮುಚ್ಚಳವನ್ನೇ ಎತ್ತಿ ಎಸೆಯುತ್ತದೆ. ಚೆನ್ನಾಗಿ ಆರಲು ಬಿಟ್ಟು, ಅರ್ಧ ಜಾರಿನಷ್ಟೇ ಹಾಕಿ ರುಬ್ಬಿ. ಆಮೇಲೆ ಅಗಲ ಪಾತ್ರೆಗೆ ಸುರಿದು, ಒಲೆಯಿಂದ ಇಳಿಸಿದ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಆಳದ ಪಾತ್ರೆಯಲ್ಲಿ ನಡುಭಾಗ ಬಹಳ ಹೊತ್ತು ಉಗುರುಬೆಚ್ಚಗೇ ಉಳಿದು ಕೆಡುತ್ತದೆ. ಮತ್ತೆ ಬಿಸಿ ಮಾಡುವಾಗ ಉರಿ ಸಣ್ಣಗಿರಲಿ, ಕೈಯಾಡಿಸುತ್ತಿರಿ. ಆಲೂಗಡ್ಡೆಯ ಗಂಜಿ ತಳ ಹಿಡಿಯುವುದು ಬೇಗ. ಬಟ್ಟಲಿಗಿಂತ ಹಿಡಿಯಿರುವ ಮಗ್ಗಿನಲ್ಲಿ ಕೊಟ್ಟರೆ ಒಂದೇ ಕೈಯಲ್ಲಿ ಕುಡಿಯಬಹುದು.

ಕುಡಿಯಲು ಕೋಕೋ ಮಾಡುವುದಾದರೆ ತಲೆಗೆ 200 ಮಿಲಿ ಹಾಲು, ಒಂದು ದೊಡ್ಡ ಚಮಚ ಕೋಕೋ ಪುಡಿ, ಒಂದು ಚಮಚ ಸಕ್ಕರೆ. ಪುಡಿಯನ್ನು ನೇರ ಹಾಲಿಗೆ ಹಾಕಿದರೆ ಗಂಟು ಕಟ್ಟುತ್ತದೆ. ಸಕ್ಕರೆಯ ಜೊತೆ ಬೆರೆಸಿ, ಸ್ವಲ್ಪ ಬಿಸಿ ಹಾಲಿನಲ್ಲಿ ನುಣ್ಣಗೆ ಕಲಸಿಕೊಂಡು ಆಮೇಲೆ ಸೇರಿಸಿ. ಯಾರ ಪಾನೀಯಕ್ಕೆ ಜೇನುತುಪ್ಪ ಹಾಕಿದರೂ ಅದರ ಒಂದು ತೊಟ್ಟೂ ಮಗುವಿನ ಬಾಯಿಗೆ ಹೋಗಬಾರದು. ಜೇನಿನಲ್ಲಿರಬಹುದಾದ, ಬೊಟುಲಿಸಂ ಎಂಬ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ವರ್ಷ ತುಂಬದ ಮಗುವಿನ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡುತ್ತವೆ. ಹಾಲೂಡಿಸುವ ತಾಯಿ ಒಂದು ಅಳತೆ ಮದ್ಯ ಕುಡಿದರೂ ಕನಿಷ್ಠ ಎರಡು ಗಂಟೆ ಕಾಯಬೇಕು. ಹಾಲು ಹಿಂಡಿ ಚೆಲ್ಲಿದರೆ ಮದ್ಯ ಬೇಗ ಇಳಿಯುವುದಿಲ್ಲ. ಕುಡಿದವರು ಯಾರೇ ಆಗಲಿ, ಆ ರಾತ್ರಿ ಮಗುವಿನ ಪಕ್ಕ ಮಲಗಬಾರದು. ಅಪ್ಪ, ಅಮ್ಮ ಇಬ್ಬರಲ್ಲಿ ಒಬ್ಬರಾದರೂ ಮದ್ಯ ಮುಟ್ಟದೇ ಇರಲಿ.

ಎಲ್ಲಕ್ಕಿಂತ ಗಟ್ಟಿಯಾಗಿ ಪಾಲಿಸಬೇಕಾದ್ದು ಇದು: ಮಗು ಎತ್ತಿಕೊಂಡವರ ಕೈಯಲ್ಲಿ ಬಿಸಿ ಲೋಟ ಇರಕೂಡದು. ಲೋಟಕ್ಕೆ ಸುರಿದು ಕಾಲು ಗಂಟೆಯಾದ ಮೇಲೂ ಆ ಬಿಸಿಗೆ ಮಗುವಿನ ತೆಳು ಚರ್ಮ ಸುಡುತ್ತದೆ. ಬಿಸಿ ಪದಾರ್ಥಗಳಿಗೆಲ್ಲ ಒಂದೇ ಮೇಜು, ಅದೂ ಗೋಡೆ ಪಕ್ಕ.

ಕೋಣೆಯೊಳಗೆ ಇದ್ದಿಲ ಕೆಂಡ ಇಟ್ಟು ಮೈ ಕಾಯಿಸುವುದು ಬೇಡ. ಕೆಂಡದಿಂದ ಹೊಮ್ಮುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ, ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಜನ ಸೇರಿದರೆ ಕೋಣೆ ತಾನಾಗಿಯೇ ಬೆಚ್ಚಗಾಗುತ್ತದೆ. ಆಗ ಟೋಪಿ, ಹೊದಿಕೆಯಲ್ಲಿ ಸುತ್ತಿದ ಮಗುವಿಗೆ ಸೆಕೆ ಹೆಚ್ಚಾಗುವ ಅಪಾಯವೇ ಜಾಸ್ತಿ. ಕೈಕಾಲು ತಣ್ಣಗಿದೆಯೆಂದು ಇನ್ನೊಂದು ಪದರ ಹೊದಿಸಬೇಡಿ, ಕತ್ತಿನ ಹಿಂಭಾಗ ಮುಟ್ಟಿ ನೋಡಿ. ಅಲ್ಲಿ ಬೆವರಿದ್ದರೆ ಒಂದು ಪದರ ತೆಗೆಯಿರಿ.

ಆಟ ಯಾವಾಗ ಬೇಕಾದರೂ ನಿಲ್ಲಿಸಿ ಮುಂದುವರಿಸುವಂಥದ್ದಿರಲಿ: ಇಸ್ಪೀಟು, ಮೂಕಾಭಿನಯ. ಮೂಕಾಭಿನಯದಲ್ಲಿ ಅಭಿನಯಿಸುವವರು ಮಾತಾಡುವಂತಿಲ್ಲ, ಊಹಿಸುವವರು ಮೆಲ್ಲಗೆ ಹೇಳಿದರೆ ಮಗು ಮಲಗಿದ್ದಾಗಲೂ ನಡೆಯುತ್ತದೆ. ಮಗುವನ್ನು ಕೈಯಿಂದ ಕೈಗೆ ದಾಟಿಸುತ್ತಲೇ ಇರಬೇಡಿ. ಆಕಳಿಸಿತೋ, ಮುಖ ಆಚೆ ತಿರುಗಿಸಿತೋ, ಒಳಕೋಣೆಗೆ ಕರೆದೊಯ್ಯಿರಿ.

ಹೊರಡುವ ಮುನ್ನ ಯಾರಾದರೂ ಪಾತ್ರೆ ತೊಳೆಯುತ್ತೇನೆಂದು ಎದ್ದರೆ ತಡೆಯಬೇಡಿ, ಅದು ನಿಮಗೆ ಸಿಗಬಹುದಾದ ಒಳ್ಳೆಯ ಉಡುಗೊರೆ. ಮಾರನೆಯ ದಿನಗಳಲ್ಲಿ ಮೂರು ತಿಂಗಳೊಳಗಿನ ಮಗುವಿಗೆ ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮನೆಮದ್ದು ಮಾಡುತ್ತಾ ಕೂರದೆ ತಕ್ಷಣ ವೈದ್ಯರ ಬಳಿ ಹೋಗಿ.