ಮಿಡಿ ಉಪ್ಪಿನಕಾಯಿ ವಿಮಾನ ಹತ್ತುವ ಮೊದಲು

ಮೊನ್ನೆ ತಂಗಿಯ ಮೊಮ್ಮಗಳು ದುಬೈಯಿಂದ ಫೋನ್ ಮಾಡಿದಳು. "ದೊಡ್ಡಜ್ಜಿ, ನೀವು ಕೊಟ್ಟ ಮಾವಿನ ಮಿಡಿಗೆ ಬೂಸ್ಟು ಹಿಡಿದಿದೆ." ನಾನು ಕೊಟ್ಟದ್ದಕ್ಕೆ ಬೂಸ್ಟು ಹಿಡಿಯುವುದಿಲ್ಲ ಮಗಾ, ನೀನು ಏನು ಮಾಡಿದೆ ಅದನ್ನು ಹೇಳು ಎಂದೆ. ನಿಧಾನಕ್ಕೆ ಬಾಯಿ ಬಿಟ್ಟಳು. ಉಪ್ಪು ಜಾಸ್ತಿ ಅಂತ ಬಿಸಿನೀರು ಹೊಯ್ದು ತೆಳು ಮಾಡಿದ್ದಾಳೆ. ಸಾಲದ್ದಕ್ಕೆ ಮೊಸರನ್ನ ಕಲಸಿದ ಚಮಚವನ್ನೇ ಬಾಟಲಿಗೂ ಇಳಿಸಿದ್ದಾಳೆ. ಇನ್ನೇನು ಉಳಿಯುತ್ತದೆ?

ನಮ್ಮ ಕಾಸರಗೋಡಿನ ಬದಿಯಡ್ಕ, ನೀರ್ಚಾಲಿನ ಕಡೆ ಮನೆಗೊಬ್ಬರು ಎಂಬ ಹಾಗೆ ಹೊರದೇಶದಲ್ಲಿದ್ದಾರೆ. ರಜೆ ಮುಗಿಸಿ ಹೋಗುವಾಗ ಎಲ್ಲರಿಗೂ ಉಪ್ಪಿನಕಾಯಿ ಬೇಕು, ಹಪ್ಪಳ ಬೇಕು, ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿದ ಉಪ್ಪುಸೊಳೆ ಬೇಕು, ಮಾವಿನ ರಸ ಒಣಗಿಸಿದ ಮಾಂಬಳ ಬೇಕು. ಮಾಡುವ ಹೊತ್ತಿಗೆ ಮಾತ್ರ ಯಾರೂ ಇಲ್ಲ. ಬಂದವರೂ ಅಡುಗೆಮನೆಯ ಬಾಗಿಲಲ್ಲಿ ನಿಂತು "ಇದಕ್ಕೆ ಎಷ್ಟು ಗ್ರಾಮ್ ಉಪ್ಪು?" ಎಂದು ಕೇಳುತ್ತಾರೆ. ಗ್ರಾಮ್ ನನಗೆ ಗೊತ್ತಿಲ್ಲ. ಮಿಡಿ ಹರಡಿ ಮೇಲೆ ಕಲ್ಲುಪ್ಪು ಚೆಲ್ಲಿದಾಗ ಮಂಜು ಬಿದ್ದ ಹಾಗೆ ಕಾಣಬೇಕು, ಅಷ್ಟು.

ಮಿಡಿ ಮರದಿಂದ ಕೊಯ್ದದ್ದೇ ಆಗಬೇಕು. ನೆಲಕ್ಕೆ ಬಿದ್ದದ್ದು ಬೇಡ, ಒಳಗೆ ಪೆಟ್ಟು ತಿಂದಿರುತ್ತದೆ, ಅದೊಂದು ಇಡೀ ಭರಣಿಯನ್ನು ಕೆಡಿಸುತ್ತದೆ. ತೊಟ್ಟು ಅರ್ಧ ಬೆರಳಿನಷ್ಟು ಉಳಿಯಲಿ. ಆಗ ಸೊನೆ ಒಳಗೇ ನಿಲ್ಲುತ್ತದೆ, ಪರಿಮಳ ಇರುವುದೇ ಸೊನೆಯಲ್ಲಿ. ತೊಳೆದು, ಒರೆಸಿ, ನೆರಳಿನಲ್ಲಿ ಆರಿಸಿ. ಒರೆಸುವ ಬಟ್ಟೆ ಹಳೆಯ ಪಂಚೆಯದ್ದಾಗಿರಲಿ. ಈಗ ಬಟ್ಟೆ ಒಗೆದ ಮೇಲೆ ಅದೇನೋ ಪರಿಮಳದ ನೀರಿನಲ್ಲಿ ಅದ್ದುತ್ತಾರಲ್ಲ, ಅಂಥ ಬಟ್ಟೆ ನನ್ನ ಮಿಡಿಯ ಹತ್ತಿರ ಬರಬಾರದು. ಒಂದು ವರ್ಷ ಸೊಸೆ ಹಾಗೆ ಒರೆಸಿ ಉಪ್ಪಿನಕಾಯಿಗೆ ಮಲ್ಲಿಗೆ ಸೋಪಿನ ವಾಸನೆ ಬಂದಿತ್ತು. ಪಂಚೆಯನ್ನು ಬರೀ ನೀರಿನಲ್ಲಿ ಜಾಲಾಡಿ ಬಿಸಿಲಿಗೆ ಹಾಕಿದರೆ ಸಾಕು. ಮನೆಯ ಕೈಬಟ್ಟೆಗಳಿಗೂ ಅಷ್ಟೇ ಸಾಕು, ಕೇಳುವವರು ಯಾರು?

ಉಪ್ಪಿನಲ್ಲಿ ಹಾಕಿದ ಮಿಡಿಯನ್ನು ದಿನಾ ಒಮ್ಮೆ ಮೇಲೆ ಕೆಳಗೆ ಮಾಡಬೇಕು. ಎರಡು ವಾರ ಅಂದಾಜಿಗೆ ಚಿರುಟುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಅಜ್ಜಿಯ ಕೈಯ ಹಾಗೆ ಇರಬೇಕು, ಸುಕ್ಕು, ಆದರೆ ಗಟ್ಟಿ. ಉಪ್ಪುನೀರನ್ನು ಸೋಸಿ, ಕುದಿಸಿ, ಪೂರ್ತಿ ತಣಿಸಿ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಕುಮ್ಟೆ ಮೆಣಸು, ಬಿಸಿಲಲ್ಲಿ ಒಣಗಿದ ಸಾಸಿವೆ, ಅರಿಶಿನ. ಸಾಸಿವೆ ಹುರಿಯಬೇಡಿ. ಮಿಕ್ಸಿಯನ್ನು ಒಂದೇ ಸಮನೆ ತಿರುಗಿಸಲೂ ಬೇಡಿ, ಬಿಸಿಯಾಗಿ ಕಹಿ ಬರುತ್ತದೆ. ನಿಲ್ಲಿಸಿ ನಿಲ್ಲಿಸಿ, ಆ ಉಪ್ಪುನೀರಿನಲ್ಲೇ ಅರೆಯಿರಿ. ಎಣ್ಣೆ ಇಲ್ಲ, ವಿನೆಗರ್ ಇಲ್ಲ.

ಉಪ್ಪಿನ ವಿಷಯಕ್ಕೆ ಮತ್ತೊಮ್ಮೆ ಬರುತ್ತೇನೆ, ಕೋಪ ಇರುವುದೇ ಅದರ ಮೇಲೆ. ಬಿಪಿ ಅಂತ ಉಪ್ಪಿನಕಾಯಿಗೇ ಉಪ್ಪು ಕಡಿಮೆ ಹಾಕುತ್ತಾರೆ. ಬಿಪಿ ಇದ್ದರೆ ಒಂದು ಮಿಡಿಯನ್ನು ನಾಲ್ಕು ಊಟಕ್ಕೆ ಮಾಡಿಕೊಳ್ಳಿ, ಭರಣಿಯಲ್ಲಿ ಉಳಿತಾಯ ಮಾಡಬೇಡಿ. ಪ್ಯಾಕೆಟಿನ ಪುಡಿ ಉಪ್ಪೂ ಬೇಡ, ಗಂಟಾಗದಂತೆ ಅದಕ್ಕೆ ಏನೇನೋ ಬೆರೆಸಿರುತ್ತಾರೆ, ನೀರು ಕದಡುತ್ತದೆ. ಅಮೇರಿಕದಲ್ಲಿ ಉಪ್ಪಿನಕಾಯಿಗೆಂದೇ ಬೇರೆ ಉಪ್ಪು ಸಿಗುತ್ತದೆ, ಅಯೋಡಿನ್ ಇಲ್ಲದ್ದು. ಅದನ್ನು ತನ್ನಿ.

ಮಗಳು ಜರ್ಮನಿಯಲ್ಲಿದ್ದಾಗ ಮೂರು ತಿಂಗಳು ಹೋಗಿದ್ದೆ. ಪಕ್ಕದ ಮನೆಯ ಮುದುಕಿ ಒಂದು ದಿನ ನೆಲಮಾಳಿಗೆಗೆ ಕರೆದುಕೊಂಡು ಹೋದಳು. ನೋಡಿದರೆ ನಮ್ಮದೇ ಭರಣಿ! ಎಲೆಕೋಸನ್ನು ಸಣ್ಣಗೆ ಹೆಚ್ಚಿ, ಉಪ್ಪು ತಿಕ್ಕಿ, ಮೇಲೆ ಅರ್ಧಚಂದ್ರದ ಹಾಗಿರುವ ಎರಡು ಕಲ್ಲು ಹೇರಿದ್ದಾಳೆ. ಭರಣಿಯ ಬಾಯಿಯ ಸುತ್ತ ಒಂದು ಕಾಲುವೆ, ಅದರಲ್ಲಿ ನೀರು. ಮುಚ್ಚಳ ಆ ನೀರಿನಲ್ಲಿ ಕೂರುತ್ತದೆ. ಒಳಗಿನ ಗಾಳಿ ಗುಳುಗುಳು ಎಂದು ಹೊರಗೆ ಬರುತ್ತದೆ, ಹೊರಗಿನದ್ದು ಒಳಗೆ ಹೋಗುವುದಿಲ್ಲ. ಸೌರ್‌ಕ್ರೌಟ್ ಅಂತೆ ಹೆಸರು. ಅವಳಿಗೆ ಕನ್ನಡ ಬಾರದು, ನನಗೆ ಜರ್ಮನ್ ಬಾರದು. ಕಲ್ಲನ್ನು ಮುಟ್ಟಿ ತೋರಿಸಿದೆ, ನಮ್ಮಲ್ಲೂ ಇದೆ ಎಂದು. ನಾವು ಉಪ್ಪುಸೊಳೆಯ ಮೇಲೆ ಇಡುವುದು ಪಯಸ್ವಿನಿ ಹೊಳೆಯಿಂದ ತಂದ ಉರುಟು ಕಲ್ಲು, ನನ್ನ ಅತ್ತೆಯ ಕಾಲದ್ದು. ಆದರೆ ಅವರು ಕಿಲೋ ಎಲೆಕೋಸಿಗೆ ಹಾಕುವುದು 20 ಗ್ರಾಮಿನಷ್ಟು ಉಪ್ಪು, ಅದನ್ನು ಮಗಳು ಕೇಳಿ ಹೇಳಿದಳು. ಅದಕ್ಕೇ ಅದು ಹುಳಿಯಾಗುತ್ತದೆ, ಹುಳಿಯಾಗಬೇಕೆಂದೇ ಮಾಡುವುದು. ನಮಗೆ ಹಲಸಿನ ಸೊಳೆ ಆಟಿ ತಿಂಗಳ ಮಳೆಯಲ್ಲೂ ಸೊಳೆಯಾಗಿಯೇ ಉಳಿಯಬೇಕು. ತೊಳೆದು, ನೆನೆಹಾಕಿ, ಹಿಂಡಿ ಉಂಡ್ಲಕಾಳು ಎಂಬ ಕರಿದ ಸಣ್ಣ ಉಂಡೆ ಮಾಡಬೇಕು. ಉಪ್ಪು ಹಿಡಿತ ಮಾಡಿದರೆ ಆಗುತ್ತದೆಯೇ?

ಇನ್ನು ಕಳಿಸುವ ವಿಷಯ. ಇದನ್ನು ಗಮನ ಇಟ್ಟು ಓದಿ, ಇಲ್ಲೇ ಎಲ್ಲರೂ ತಪ್ಪುವುದು. ಹಿಂದೊಮ್ಮೆ ಅಣ್ಣನ ಮಗ ಮಂಗಳೂರಿನ ಬಜಪೆಯಲ್ಲಿ ವಿಮಾನ ಹತ್ತಿ ಅಬುಧಾಬಿಯಲ್ಲಿ ಇಳಿದು ಪೆಟ್ಟಿಗೆ ತೆರೆದರೆ ಆಫೀಸಿನ ಆರು ಬಿಳಿ ಅಂಗಿಯೂ ಕೆಂಪು. ಬಾಟಲಿ ಒಡೆದಿರಲಿಲ್ಲ, ಮುಚ್ಚಳದ ಸಂದಿಯಿಂದ ಬಂದದ್ದು. ವಿಮಾನ ಮೇಲೇರಿದಾಗ ಒಳಗಿನ ಗಾಳಿ ತೆಳುವಾಗುತ್ತದೆ, ಸುಮಾರು 2,000 ಮೀಟರ್ ಎತ್ತರದ ಗುಡ್ಡದ ತುದಿಯಲ್ಲಿದ್ದ ಹಾಗೆ. ಆಗ ಬಾಟಲಿಯೊಳಗಿನ ಗಾಳಿ ಹಿಗ್ಗಿ ರಸವನ್ನು ಹೊರಗೆ ತಳ್ಳುತ್ತದೆ. ಇದು ಗೊತ್ತಾದ ಮೇಲೆ ನಾನು ಕಂಡುಕೊಂಡ ಕ್ರಮ ಹೀಗಿದೆ.

ತಿಂಗಳು ತುಂಬದ ಉಪ್ಪಿನಕಾಯಿ ಕಳಿಸಲೇಬೇಡಿ, ಅದು ಇನ್ನೂ ಒಳಗೊಳಗೇ ಉಸಿರಾಡುತ್ತಿರುತ್ತದೆ. ದೊಡ್ಡ ಬಾಟಲಿ ಬೇಡ. ಅಗಲ ಬಾಯಿಯ, ದಪ್ಪ ಗಾಜಿನ ಸಣ್ಣದು ನಾಲ್ಕು ತೆಗೆದುಕೊಳ್ಳಿ. ಬಿಸಿಲಲ್ಲಿ ಒಣಗಿಸಿ. ಮಿಡಿ ತುಂಬುವಾಗ ಮರದ ಸಟ್ಟುಗದ ಹಿಡಿಯಿಂದ ಬದಿಯಲ್ಲಿ ಒತ್ತಿ ಒತ್ತಿ ಗುಳ್ಳೆಗಳನ್ನು ಎಬ್ಬಿಸಿ. ಎರಡು ಬೆರಳಿನಷ್ಟು ಜಾಗ ಬಿಡಿ, ಮೇಲೆ ಒಂದು ಹಿಡಿ ಕಲ್ಲುಪ್ಪು. ಬಾಟಲಿಯ ಅಂಚನ್ನು ಕುದಿಸಿ ತಣಿಸಿದ ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಮಸಾಲೆಯ ಒಂದು ಚುಕ್ಕೆ ಅಂಚಿನಲ್ಲಿ ಉಳಿದರೂ ಮುಚ್ಚಳ ಸರಿ ಕೂರುವುದಿಲ್ಲ. ಆಮೇಲೆ ಬಾಳೆ ಎಲೆಯನ್ನು ಕೆಂಡದ ಮೇಲೆ ಹಿಡಿದು ಬಾಡಿಸಿ. ಬಣ್ಣ ಗಾಢವಾಗಿ ಎಲೆ ಬಟ್ಟೆಯ ಹಾಗೆ ಬಳುಕಬೇಕು, ಸುಡಬಾರದು. ಎರಡು ಪದರ ಬಾಯಿಗೆ ಮುಚ್ಚಿ, ಬಾಳೆ ನಾರಿನಿಂದ ಕುತ್ತಿಗೆಗೆ ಬಿಗಿದು, ಇಳಿಬಿದ್ದ ಅಂಚನ್ನು ಕತ್ತರಿಸಿ, ಅದರ ಮೇಲೆ ಮುಚ್ಚಳ ತಿರುಗಿಸಿ. ಪ್ಲಾಸ್ಟಿಕ್ ಹಾಳೆ ಸಾಕಲ್ವಾ ಎಂದು ಕೇಳಬೇಡಿ. ಪ್ಲಾಸ್ಟಿಕ್ ಜಾರುತ್ತದೆ, ಬಾಡಿದ ಎಲೆ ಗಾಜಿಗೆ ಕಚ್ಚಿ ಕೂರುತ್ತದೆ.

ಇಷ್ಟಾದರೆ ಮುಗಿಯಲಿಲ್ಲ. ಅಡಿಕೆ ಹಾಳೆಯ ಒಳಮೈ ಮೇಲೆ ಬಾಟಲಿಗಳನ್ನು ಒಂದು ರಾತ್ರಿ ಕವುಚಿ ಇಡಬೇಕು. ಹಾಳೆ ಬೆಳ್ಳಗಿರುತ್ತದೆ, ಸಾಸಿವೆ ಕಾಳಿನಷ್ಟು ಕೆಂಪು ಬಿದ್ದರೂ ಬೆಳಿಗ್ಗೆ ಕಾಣುತ್ತದೆ. ಕಂಡರೆ ಬಿಚ್ಚಿ, ಹೊಸ ಎಲೆ ಹಾಕಿ, ಇನ್ನೊಂದು ರಾತ್ರಿ. ವಿಮಾನ ನಾಳೆ ಎಂದು ಇವತ್ತು ಬಂದು ಕೇಳುವವರಿಗೆ ನಾನು ಕೊಡುವುದಿಲ್ಲ, ಮಗನಾದರೂ ಸರಿ. ತಲುಪಿದ ದಿನವೇ ಎಲೆ ತೆಗೆದು ಬಿಸಾಡಿ, ಅದು ಪ್ರಯಾಣಕ್ಕೆ ಮಾತ್ರ. ಆಸ್ಟ್ರೇಲಿಯಾಕ್ಕೆ ಹೋಗುವವರಿಗೆ ಎಲೆ ಬೇಡ, ಬೆಣ್ಣೆ ಕಾಗದ ಹಾಕಿ. ಅಲ್ಲಿ ಗಿಡ, ಎಲೆ, ತಿಂಡಿ ಎಲ್ಲದಕ್ಕೂ ತಪಾಸಣೆ ಜೋರು. ತಂದದ್ದನ್ನೆಲ್ಲ ಫಾರಂನಲ್ಲಿ ಬರೆಯಬೇಕು, ಮುಚ್ಚಿಟ್ಟರೆ ದಂಡ.

ಕೈಚೀಲದಲ್ಲಿ ಉಪ್ಪಿನಕಾಯಿ ಇಡಬೇಡಿ, 100 ಮಿಲಿಗಿಂತ ಜಾಸ್ತಿ ಇದ್ದರೆ ತೆಗೆದಿಡುತ್ತಾರೆ. ಒಣ ಕೊಬ್ಬರಿ ಯಾವ ಚೀಲದಲ್ಲೂ ಬೇಡ. ಅದರ ಎಣ್ಣೆ ತಾನಾಗಿ ಬಿಸಿಯಾಗಿ ಬೆಂಕಿ ಹಿಡಿಯಬಹುದು ಎಂದು ಅದನ್ನು ಅಪಾಯದ ಸಾಮಾನಿನ ಪಟ್ಟಿಯಲ್ಲಿಟ್ಟಿದ್ದಾರೆ. ಗಲ್ಫಿಗೆ ಹೋಗುವವರು ಗಸಗಸೆ ಮುಟ್ಟಲೂ ಬೇಡಿ, ದುಬೈಯಲ್ಲೂ ಸೌದಿಯಲ್ಲೂ ಅದು ಮಾದಕ ವಸ್ತುವಿನ ಲೆಕ್ಕ. ಪಾಯಸದ ಆಸೆಗೆ ಜೈಲು ಬೇಕಾ?

ಅಲ್ಲೇ ಸಿಗುವುದರಲ್ಲಿ ಮಾಡುತ್ತೇವೆ ಎನ್ನುವವರಿಗೂ ಒಂದೆರಡು ಮಾತು. ಕರಂಡೆ ಎಂಬ ಹುಳಿ ಕಾಯಿಯ ಬದಲು ಕ್ರ್ಯಾನ್‌ಬೆರಿ ಹಾಕಿ ಒಬ್ಬಳು ಅಮೇರಿಕದಿಂದ ಫೋಟೊ ಕಳಿಸಿದ್ದಳು. ಊರಿಗೆ ಬಂದಾಗ ತಂದದ್ದನ್ನೂ ತಿಂದೆ, ಪರವಾಗಿಲ್ಲ, ಬಣ್ಣ ನಮ್ಮದಕ್ಕಿಂತ ಚಂದ. ಹಸಿರು ಹುಳಿ ಸೇಬು ನಾಲ್ಕು ದಿನದ ಉಪ್ಪಿನಕಾಯಿಗೆ ಆಗುತ್ತದೆ. ರೂಬಾರ್ಬ್ ಎಂಬ ಕೆಂಪು ದಂಟು ನಮ್ಮ ಬಿಂಬುಳಿ ಕಾಯಿಯ ಹಾಗೇ ಹುಳಿ, ಗೊಜ್ಜಿಗೆ ಒಳ್ಳೆಯದು. ದಂಟು ಮಾತ್ರ, ಎಲೆ ವಿಷ. ಬಿಂಬುಳಿ ಎಂದಾಗ ನೆನಪಾಯಿತು. ಮರದಡಿ ಬಿದ್ದು ಕೊಳೆಯುವ ಬಿಂಬುಳಿಯನ್ನು ಜಜ್ಜಿ ದೀಪ, ಚೆಂಬು ತಿಕ್ಕಿ, ಪೇಟೆಯ ಪುಡಿ ಯಾಕೆ?

ಇನ್ನೊಂದು. ಖಾಲಿ ಬಾಟಲಿಗಳನ್ನು ಬರುವಾಗ ವಾಪಸ್ ತನ್ನಿ, ಮುಚ್ಚಳ ಸಮೇತ. ಕಳೆದ ವರ್ಷ ಹನ್ನೊಂದು ಹೋಗಿದೆ, ಬಂದದ್ದು ಎರಡು. ಅದರಲ್ಲಿ ಒಂದಕ್ಕೆ ಮುಚ್ಚಳವಿಲ್ಲ.