ಬೇಸ್ ಮಾಡೆಲ್ ಪುಂಟೋಗೆ ಟರ್ಬೊ ಎಂಜಿನ್: ನನ್ನ ಅನುಭವ

ಕಾರಿಗೆ ಟರ್ಬೊ ಎಂಜಿನ್ (ಹೊಗೆಯ ರಭಸಕ್ಕೆ ತಿರುಗುವ ಟರ್ಬೊ ಒಳಗೆ ಹೆಚ್ಚು ಗಾಳಿ ತುಂಬುವ ಎಂಜಿನ್) ಹಾಕಿಸಬೇಕು ಅನ್ನುವವರೆಲ್ಲ ನನ್ನನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ: ಎಂಜಿನ್ ಎಲ್ಲಿ ಸಿಗುತ್ತೆ, ಎಷ್ಟಾಗುತ್ತೆ? ನಾನು ಹೇಳುವುದೂ ಒಂದೇ ಮಾತು. ಎಂಜಿನ್ ಹುಡುಕಬೇಡಿ, ಆ ಎಂಜಿನ್ ಇರುವ ಇಡೀ ಕಾರನ್ನೇ ತೊಗೊಳ್ಳಿ. ಕೀ ಸಮೇತ, ಮೀಟರ್ ಬೋರ್ಡ್ ಸಮೇತ, ಒಂದು ಕ್ಲಿಪ್ಪೂ ಬಿಡದೆ.

ನನ್ನದು ಫಿಯಟ್ ಪುಂಟೋ, 1.2 ಲೀಟರ್ ‘ಫೈರ್’ ಸರಣಿಯ ಎಂಜಿನ್ನಿನ ಬೇಸ್ ಮಾಡೆಲ್. ಪುಂಟೋ ನಮ್ಮ ದೇಶದ ರಸ್ತೆಗೆ ಇಳಿದದ್ದು 2009ರಲ್ಲಿ. ಇಟಲಿಯ ಡಿಸೈನರ್ ಜುಜಾರೊ ಡಿಸೈನ್ ಮಾಡಿದ ಕಾರು, ನಿಂತಲ್ಲೇ ಓಡುವ ಹಾಗೆ ಕಾಣುತ್ತೆ. ಓಡಿಸಿದರೆ ಮಾತ್ರ ಗುಟ್ಟು ರಟ್ಟು. ಒಂದು ಟನ್‌ಗಿಂತ ಜಾಸ್ತಿ ತೂಕದ ಕಾರಿಗೆ 68 ಪಿಎಸ್ ಶಕ್ತಿ. ಮೇಲುಕೋಟೆ ಬೆಟ್ಟ ಹತ್ತುವಾಗ ಎಸಿ ಆಫ್ ಮಾಡಿ, ಎರಡನೇ ಗೇರಿಗೆ ಇಳಿಸಿ, ಹಿಂದಿನ ಸೀಟಿನವರ ಕಡೆ ಒಂದು ಸಲ ನೋಡಬೇಕು. ಆದರೆ ಸ್ಟೀರಿಂಗ್ ಇದೆಯಲ್ಲ, ತಿರುವಿನಲ್ಲಿ ಕಾರು ರಸ್ತೆಗೆ ಕಚ್ಚಿಕೊಂಡು ನಿಲ್ಲುವ ರೀತಿ ಇದೆಯಲ್ಲ, ಅದಕ್ಕೋಸ್ಕರ ಮಾರಲು ಮನಸ್ಸಾಗಲಿಲ್ಲ.

ಇದೇ ಕಂಪನಿಯ ಲಿನಿಯಾ ಟಿ-ಜೆಟ್ 2010ರಲ್ಲಿ ಬಂತು. 1368 ಸಿಸಿ ಟರ್ಬೊ ಪೆಟ್ರೋಲ್, 114 ಪಿಎಸ್, 207 ಎನ್‌ಎಂ ಟಾರ್ಕ್ (ತಿರುಗಿಸುವ ಬಲ). ನನ್ನ ಕಾರಿನ ಟಾರ್ಕ್ 96 ಎನ್‌ಎಂ. ಅಂದರೆ ಎರಡರಷ್ಟಕ್ಕೂ ಮೇಲೆ. ಲಿನಿಯಾ ಮತ್ತು ಪುಂಟೋ ಒಂದೇ ಪ್ಲಾಟ್‌ಫಾರ್ಮಿನ ಕಾರುಗಳು, ಎರಡೂ ಪುಣೆ ಹತ್ತಿರದ ರಂಜನ್‌ಗಾಂವ್ ಕಾರ್ಖಾನೆಯಿಂದ ಬಂದವು. 2015ರಲ್ಲಿ ಕಂಪನಿಯೇ ಈ ಎಂಜಿನ್ನನ್ನು 145 ಬಿಎಚ್‌ಪಿಗೆ ಏರಿಸಿ ಅಬಾರ್ತ್ ಪುಂಟೋ ಮಾಡಿತು. ಹಾಗಾಗಿ ಕೂರುತ್ತೋ ಇಲ್ಲವೋ ಅನ್ನುವ ಅನುಮಾನ ನನಗೆ ಇರಲಿಲ್ಲ. ಸೆಕೆಂಡ್ ಹ್ಯಾಂಡ್ ಅಬಾರ್ತನ್ನೇ ತೊಗೋಬಹುದಿತ್ತಲ್ವಾ ಅಂತ ಮನೆಯವರು ಕೇಳಿದರು. ಸಿಗಬೇಕಲ್ಲ! ಇಟ್ಟುಕೊಂಡವರು ಬಿಡಲ್ಲ, ಬಿಡುವವರು ಹೇಳುವ ರೇಟು ನಮಗಲ್ಲ.

ಇದ್ದ ಎಂಜಿನ್ನಿಗೇ ಒಂದು ಟರ್ಬೊ ತಗಲಿಸುವ ದಾರಿಯೂ ಇದೆ. ನಾನು ಅದಕ್ಕೆ ಹೋಗಲಿಲ್ಲ. ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಕಂಪ್ರೆಷನ್, ಅಂದರೆ ಪಿಸ್ಟನ್ ಗಾಳಿಯನ್ನು ಒತ್ತುವ ಪ್ರಮಾಣ, ಮೊದಲೇ ಜಾಸ್ತಿ ಇರುತ್ತೆ. ಅದರೊಳಗೆ ಇನ್ನಷ್ಟು ಗಾಳಿ ತುರುಕಿದರೆ ಪೆಟ್ರೋಲ್ ಹೊತ್ತಿಗೆ ಮೊದಲೇ ಹತ್ತಿಕೊಂಡು ನಾಕಿಂಗ್ ಶುರುವಾಗುತ್ತೆ, ಪಿಸ್ಟನ್ ಉಳಿಯಲ್ಲ. ತಡೆಯಬೇಕು ಅಂದರೆ ಪಿಸ್ಟನ್, ಇಂಜೆಕ್ಟರ್, ಇಸಿಯು (ಎಂಜಿನ್ನಿನ ಕಂಪ್ಯೂಟರ್) ಎಲ್ಲ ಬದಲಾಗಬೇಕು. ಟಿ-ಜೆಟ್‌ನ ಕಂಪ್ರೆಷನ್ 9.8ಕ್ಕೆ 1. ಅದು ಹುಟ್ಟಿದ್ದೇ ಟರ್ಬೊಗೋಸ್ಕರ.

ಕೈಗೆ ಸ್ಪ್ಯಾನರ್ ತೊಗೊಳ್ಳುವ ಮೊದಲು ಕಾನೂನಿನ ಮಾತು ಮುಗಿಸಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಗಟ್ಟಿಯಾಗಿ ಹೇಳಿತು. 1.2 ಅಂತ ಆರ್‌ಸಿ ಇರುವ ಕಾರಿನಲ್ಲಿ 1.4 ಟರ್ಬೊ ಇಟ್ಟುಕೊಂಡು ಮೈಸೂರು ರೋಡಿನಲ್ಲಿ ಓಡಾಡಿ, ನಾಳೆ ಏನಾದರೂ ಆದರೆ ಇನ್ಶೂರೆನ್ಸ್ ಕಂಪನಿ ಕೈ ಎತ್ತುತ್ತೆ. ಆದ್ದರಿಂದ ಮೊದಲ ದಿನವೇ ತೀರ್ಮಾನ ಮಾಡಿದೆ: ಇದು ರೇಸ್ ಟ್ರ್ಯಾಕಿಗೆ ಮಾತ್ರ ಇರುವ ಕಾರು. ಊರ ರಸ್ತೆಗೆ ಇಳಿಯಲ್ಲ, ಎಲ್ಲಿಗೆ ಹೋದರೂ ಕಾರು ಹೊರುವ ಫ್ಲಾಟ್‌ಬೆಡ್ ಲಾರಿ ಮೇಲೆ. ದಿನದ ಓಡಾಟಕ್ಕೆ ಬೇರೆ ಗಾಡಿ ಇಲ್ಲದವರು ಈ ಕೆಲಸಕ್ಕೆ ಕೈ ಹಾಕದೇ ಇರೋದೇ ಮೇಲು.

ಇಡೀ ಕಾರು ತೊಗೊಳ್ಳಿ ಅಂತ ನನಗೆ ಹೇಳಿಕೊಟ್ಟವರು ಮೈಸೂರಿನ ಬನ್ನಿಮಂಟಪದಲ್ಲಿ ಗ್ಯಾರೇಜ್ ಇಟ್ಟಿರುವ ಒಬ್ಬ ಹಿರಿಯ ಮೆಕ್ಯಾನಿಕ್. ಎಲ್ಲರೂ ಅವರನ್ನು ಭಾಯ್ ಅಂತಲೇ ಕರೆಯುವುದು.

“ಭಾಯ್, ಬರೀ ಎಂಜಿನ್, ಗೇರ್‌ಬಾಕ್ಸ್ ಸಾಕಲ್ವಾ?” ಅಂದೆ.

“ತನ್ನಿ ಸಾರ್, ಬೇಡ ಅಂದವರು ಯಾರು? ಆಮೇಲೆ ಒಂದು ಸಣ್ಣ ಬ್ರಾಕೆಟ್‌ಗೆ ಊರೆಲ್ಲ ಫೋನ್ ಮಾಡ್ತೀರಿ, ಅಷ್ಟೇ.”

ಹಿಂದಿನಿಂದ ಗುದ್ದಿಸಿಕೊಂಡ ಒಂದು ಲಿನಿಯಾ ಟಿ-ಜೆಟ್ ಸಿಕ್ಕಿತು. ಡಿಕ್ಕಿ ಒಳಗೆ ಹೋಗಿತ್ತು, ಮುಂಭಾಗಕ್ಕೆ ಗೀರೂ ಇರಲಿಲ್ಲ. ನಮಗೆ ಬೇಕಾದ್ದು ಅದೇ. ಮುಂದೆ ಗುದ್ದಿದ ಕಾರಿನಲ್ಲಿ ರೇಡಿಯೇಟರ್, ಟರ್ಬೊದ ಬಿಸಿ ಗಾಳಿ ತಣಿಸುವ ಇಂಟರ್‌ಕೂಲರ್, ಅದರ ಪೈಪು ಎಲ್ಲ ಹೋಗಿರುತ್ತೆ. ಅಂಥದ್ದನ್ನು ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ಸ್ಟಾರ್ಟ್ ಮಾಡಿ, ಬಿಸಿಯಾಗುವವರೆಗೆ ಓಡಿಸಿ, ಸೈಲೆನ್ಸರ್‌ನಲ್ಲಿ ನೀಲಿ ಹೊಗೆ (ಆಯಿಲ್ ಸುಡುವ ಗುರುತು) ಬರುತ್ತಾ ನೋಡಿದೆವು. ಹಾಗೇ ಮಾರಿದವರಿಂದಲೇ ಆರ್‌ಸಿ ರದ್ದಿನ ಕಾಗದ ಮಾಡಿಸಿಕೊಳ್ಳಿ. ಎಂಜಿನ್ ನಂಬರ್ ಬರೆದ ಬಿಲ್ಲೂ ನಿಮ್ಮ ಹತ್ತಿರ ಇರಲಿ. ಕಳ್ಳ ಮಾಲು ಅಂತ ನಾಳೆ ಯಾರೂ ಬಾಯಿ ಬಿಡಬಾರದು.

ಇಡೀ ಕಾರು ಯಾಕೆ ಬೇಕು ಅನ್ನೋದು ವೈರಿಂಗ್ ಬಿಚ್ಚಿದಾಗ ಗೊತ್ತಾಗುತ್ತೆ. ಫಿಯಟ್‌ನಲ್ಲಿ ಕೀ, ಎಂಜಿನ್ ಇಸಿಯು, ಬಾಡಿ ಕಂಪ್ಯೂಟರ್ ಮೂರೂ ಒಂದನ್ನೊಂದು ಗುರುತು ಹಿಡಿಯಬೇಕು. ಒಂದು ಬೇರೆಯಾದರೂ ಕಳ್ಳತನ ತಡೆಯುವ ಇಮ್ಮೊಬಿಲೈಸರ್ ಕಾರು ಸ್ಟಾರ್ಟ್ ಆಗೋಕೆ ಬಿಡಲ್ಲ. ಬರೀ ಎಂಜಿನ್ ತಂದವರು ಇಲ್ಲೇ ಸಿಕ್ಕಿಹಾಕಿಕೊಳ್ಳುವುದು. ನಾವು ಲಿನಿಯಾದ ಕೀ ಬ್ಯಾರಲ್, ಇಸಿಯು, ಬಾಡಿ ಕಂಪ್ಯೂಟರ್, ಮೀಟರ್ ಬೋರ್ಡ್, ಆಕ್ಸಿಲರೇಟರ್ ಪೆಡಲ್ ಎಲ್ಲವನ್ನೂ ಎತ್ತಿ ಪುಂಟೋಗೆ ತಂದೆವು. ಎಂಜಿನ್ ಕಡೆಯ ವೈರಿಂಗ್ ಕತ್ತರಿಸಲೇ ಇಲ್ಲ. ಪ್ರತಿ ಕನೆಕ್ಟರ್‌ಗೂ ಬಿಳಿ ಟೇಪ್ ಸುತ್ತಿ ಹೆಸರು ಬರೆದು, ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೊ. ಬೇಜಾರಿನ ಕೆಲಸ, ನಿಜ. ಆದರೆ ಕೂರಿಸುವಾಗ ಒಂದು ವೈರಿಗೂ ತಲೆ ಕೆರೆದುಕೊಳ್ಳಲಿಲ್ಲ. ಡ್ರೈವ್ ಶಾಫ್ಟ್, ಮೌಂಟಿಂಗ್, ಅದರ ಬ್ರಾಕೆಟ್, ಪೆಟ್ರೋಲ್ ಪಂಪ್, ರೇಡಿಯೇಟರ್ ಫ್ಯಾನ್ ಎಲ್ಲ ಲಿನಿಯಾದ್ದೇ.

ಎಂಜಿನ್ ಹೊರಗಿದ್ದಾಗಲೇ ಟೈಮಿಂಗ್ ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಹೊಸದು ಹಾಕಿದೆವು. ಈ 16 ವಾಲ್ವ್ ಎಂಜಿನ್ನಿನ ಕ್ಯಾಮ್ ಶಾಫ್ಟ್ ಹಿಡಿದು ನಿಲ್ಲಿಸುವ ಲಾಕಿಂಗ್ ಟೂಲ್ ಇಲ್ಲದೆ ಬೆಲ್ಟ್ ಮುಟ್ಟಬೇಡಿ. ಅಂದಾಜಿನ ಮೇಲೆ, ಪೇಂಟ್ ಗುರುತಿನ ಮೇಲೆ ಕೂರಿಸುವವರಿದ್ದಾರೆ. ಅಂಥವರಿಗೆ ದೂರದಿಂದಲೇ ನಮಸ್ಕಾರ.

ಇನ್ನು ಟರ್ಬೊ. ಇದು ಐಎಚ್‌ಐ ಕಂಪನಿಯ ಸಣ್ಣ ಟರ್ಬೊ, ಅಂಗೈ ಮೇಲೆ ಇಡಬಹುದಾದಷ್ಟು. ಒಳಗಿನ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗಿಂತ ಜಾಸ್ತಿ ತಿರುಗುತ್ತೆ, ಅದನ್ನು ಎತ್ತಿ ಹಿಡಿದಿರುವುದು ಎಂಜಿನ್ ಆಯಿಲ್‌ನ ತೆಳು ಪದರ ಮಾತ್ರ. ಆಯಿಲ್ ಬರುವ ದಾರಿಯಲ್ಲಿ ಒಂದು ಟೊಳ್ಳು ಬೋಲ್ಟ್ ಇದೆ, ಬ್ಯಾಂಜೋ ಬೋಲ್ಟ್ ಅಂತಾರೆ. ಭಾಯ್ ಅದನ್ನು ಬಿಚ್ಚಿ, ಪೆಟ್ರೋಲಿನಲ್ಲಿ ಅದ್ದಿ, ಬೆಳಕಿಗೆ ಹಿಡಿದರು. ಬೋಲ್ಟಿನ ಹೊಟ್ಟೆಯೊಳಗೆ ಉಗುರಿಗಿಂತ ಸಣ್ಣ ಜಾಲರಿ. ಅರ್ಧಕ್ಕೂ ಹೆಚ್ಚು ಕರಿ ಮಡ್ಡಿ ಕಟ್ಟಿತ್ತು. ಪಿನ್ನಿನಿಂದ ಕೆರೆದರೆ ಸುಟ್ಟ ಬೆಲ್ಲದ ತಳದಂತೆ ಚೂರು ಚೂರಾಗಿ ಎದ್ದು ಬಂತು. “ಟರ್ಬೊ ಸತ್ತೋಯ್ತು ಅಂತ ಹೊಸ ಟರ್ಬೊ ಹಾಕ್ತಾರೆ ಸಾರ್, ಇದನ್ನ ನೋಡಲ್ಲ. ಹೊಸದೂ ಸಾಯುತ್ತೆ,” ಅಂದರು. ಆ ಬೋಲ್ಟನ್ನೂ, ಎರಡು ಕಡೆಯ ತಾಮ್ರದ ವಾಷರನ್ನೂ ಹೊಸದೇ ಹಾಕಿದೆವು. ಟರ್ಬೊದಿಂದ ಆಯಿಲ್ ವಾಪಸ್ ಬರುವ ಪೈಪಿನಲ್ಲಿ ಒತ್ತಡ ಇರಲ್ಲ, ಸುಮ್ನೆ ಇಳಿಜಾರಿನಲ್ಲಿ ಇಳಿದು ಎಂಜಿನ್ ತಳದ ಆಯಿಲ್ ತೊಟ್ಟಿಗೆ (ಸಂಪ್) ಬೀಳಬೇಕು. ಅದು ಎಲ್ಲೂ ಡೊಂಕಾಗದ ಹಾಗೆ, ಮೇಲಕ್ಕೆ ಏರದ ಹಾಗೆ ನೋಡಿಕೊಳ್ಳಿ. ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಲ್ಲಿ ಬಿರುಕು ಬಿಡುವುದು ಈ ಎಂಜಿನ್ನಿನ ಹಳೇ ಕಾಯಿಲೆ. ನಮ್ಮದರಲ್ಲಿ ಇರಲಿಲ್ಲ, ಆದರೂ ಸ್ಟಡ್, ನಟ್ ಎಲ್ಲ ಬದಲಾಯಿಸಿದೆವು.

ಇಂಟರ್‌ಕೂಲರ್ ಪೈಪ್ ವಿಷಯದಲ್ಲಿ ನಾನು ಕಂಪನಿಯ ದಾರಿ ಬಿಟ್ಟೆ. ಹಳೇ ರಬ್ಬರ್ ಪೈಪುಗಳು ಮೆತ್ತಗಾಗಿದ್ದವು. ಮಂಡ್ಯದಲ್ಲಿ ನಮ್ಮ ಮನೆ ಹತ್ತಿರ ಒಂದು ಲೇತ್ ಅಂಗಡಿ ಇದೆ. ಆಲೆಮನೆ ಗಾಣದ ರೋಲರ್ ತಿರುವುವುದು, ಶಾಫ್ಟ್ ಕಟ್ಟಿಕೊಡುವುದು ಅವರ ದಿನದ ಕೆಲಸ. ಅಲ್ಯೂಮಿನಿಯಂ ಪೈಪ್ ತೊಗೊಂಡು ಹೋದೆ. ಲೇತ್ ಅಣ್ಣ ತಿರುಗಿಸಿ ತಿರುಗಿಸಿ ನೋಡಿ, “ಇದ್ಯಾವ ಗಾಣದ್ದು ಸಾರ್, ಇಷ್ಟು ಸಣ್ಣಕೈತೆ?” ಅಂದರು. ಕಾರಿಂದು ಅಂದಮೇಲೆ ಇನ್ನೂ ಹುರುಪು. ಪೈಪಿನ ತುದಿ ನುಣ್ಣಗಿದ್ದರೆ ಬೂಸ್ಟ್ (ಟರ್ಬೊ ಕೊಡುವ ಗಾಳಿಯ ಒತ್ತಡ) ಬಂದಾಗ ಹೋಸ್ ಜಾರಿ ಕಿತ್ತುಕೊಳ್ಳುತ್ತೆ. ಅದಕ್ಕೆ ತುದಿಯಿಂದ ಒಂದು ಬೆರಳು ಒಳಗೆ ಸುತ್ತ ಒಂದು ಉಬ್ಬು ಬೇಕು ಅಂತ ಹೇಳಿದೆ. ಅವರ ಹತ್ತಿರ ಅದಕ್ಕೆ ಅಂತ ಮೆಷಿನ್ ಇರಲಿಲ್ಲ. ಸಣ್ಣ ರೋಲರ್ ಒಂದನ್ನು ತಾವೇ ತಿರುವಿ, ಪೈಪಿನ ಒಳಗಿನಿಂದ ಒತ್ತಿ ಉಬ್ಬು ತೆಗೆದುಕೊಟ್ಟರು. ಇವತ್ತಿನವರೆಗೆ ಒಂದು ಹೋಸೂ ಜಾರಿಲ್ಲ. ದೊಡ್ಡ ಊರಿನ ರೇಸಿಂಗ್ ಅಂಗಡಿಗಳಿಗೆ ಓಡುವ ಮೊದಲು ನಿಮ್ಮ ಊರಿನ ಲೇತಿಗೆ ಒಂದು ಸಲ ಹೋಗಿ ಬನ್ನಿ.

ಪೈಪೆಲ್ಲ ಕೂತ ಮೇಲೆ ಲೀಕ್ ನೋಡುವುದು ಸುಲಭ. ಟರ್ಬೊದ ಬಾಯಿಗೆ ಮುಚ್ಚಳ ಬಿಗಿದು, ಕಂಪ್ರೆಸರ್‌ನಿಂದ ಹದವಾಗಿ ಗಾಳಿ ಬಿಟ್ಟು, ಜಾಯಿಂಟ್‌ಗಳಿಗೆ ಸೋಪು ನೀರು ಹಚ್ಚಿದರೆ ಸಾಕು, ಪಂಕ್ಚರ್ ಅಂಗಡಿಯವರು ಮಾಡುವ ಹಾಗೇ ಗುಳ್ಳೆ ಹುಡುಕುವುದು.

ಮೊದಲ ಸ್ಟಾರ್ಟಿಗೆ ಆತುರ ಬೇಡ. ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ತಿಟ್ಟು, ಟರ್ಬೊದ ವಾಪಸ್ ಪೈಪ್ ಬಿಚ್ಚಿ ಕೆಳಗೆ ಕತ್ತರಿಸಿದ ನೀರಿನ ಬಾಟಲಿ ಹಿಡಿದೆವು. ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯುತ್ತಾ ಹೋದ ಹಾಗೆ ಮೊದಲು ಒಂದೊಂದೇ ಹನಿ, ಆಮೇಲೆ ದಾರದಂತೆ ಸಣ್ಣಗೆ ಆಯಿಲ್ ಇಳಿಯಿತು. ಅದನ್ನು ಕಣ್ಣಾರೆ ನೋಡಿದ ಮೇಲೇ ಫ್ಯೂಸ್ ಹಾಕಿದ್ದು. ಒಣ ಟರ್ಬೊ ತಿರುಗಿಸಿದರೆ ಕೆಲವೇ ಸೆಕೆಂಡಿನಲ್ಲಿ ಬೇರಿಂಗ್‌ಗೆ ಪೆಟ್ಟು. ಆಯಿಲ್ 5ಡಬ್ಲ್ಯು-40 ಫುಲ್ ಸಿಂಥೆಟಿಕ್ ಹಾಕುತ್ತೇನೆ. ಟ್ರ್ಯಾಕಿನಿಂದ ಬಂದ ಮೇಲೆ ತಕ್ಷಣ ಆಫ್ ಮಾಡಲ್ಲ, ಸ್ವಲ್ಪ ಹೊತ್ತು ಐಡಲ್‌ನಲ್ಲಿ ಬಿಡುತ್ತೇನೆ.

ಬ್ರೇಕ್ ಬಗ್ಗೆ ಯಾರೂ ಕೇಳಲ್ಲ, ಅದೇ ನನಗೆ ಬೇಜಾರು. ಶಕ್ತಿ ಅಷ್ಟು ಏರಿಸಿ ಬೇಸ್ ಮಾಡೆಲ್‌ನ ಬ್ರೇಕನ್ನೇ ಇಟ್ಟುಕೊಂಡರೆ ಹೇಗೆ? ಲಿನಿಯಾದ ಮುಂದಿನ ಹಬ್, ಕ್ಯಾಲಿಪರ್, ಡಿಸ್ಕ್ ಪೂರ್ತಿ ಈ ಕಡೆಗೆ ಬಂತು. ಹಿಂದಿನ ಡಿಸ್ಕನ್ನೂ ತಂದೆವು, ಡ್ರಮ್ ಹೋಯಿತು. ಹೊಸ ಬ್ರೇಕ್ ಆಯಿಲ್, ಹೊಸ ಪ್ಯಾಡ್, ಒಳ್ಳೇ ಟೈರ್. ಇಡೀ ಕಾರು ತೊಗೊಂಡಿದ್ದರ ಲಾಭ ಇಲ್ಲೂ ಆಯಿತು.

ಟ್ಯೂನಿಂಗ್ ಮಾಡಿಸಲಿಲ್ಲ. ಇಸಿಯು ಕಂಪನಿಯಿಂದ ಬಂದ ಹಾಗೇ ಇದೆ. ಗಾಳಿಗೂ ಪೆಟ್ರೋಲಿಗೂ ಇರುವ ಅನುಪಾತ ತೋರಿಸುವ ಒಂದು ವೈಡ್‌ಬ್ಯಾಂಡ್ ಮೀಟರ್ ಮಾತ್ರ ಹಾಕಿಸಿದೆ. ಪೆಟ್ರೋಲ್ ಎಂಜಿನ್ ಆರಾಮಾಗಿ ಓಡುವಾಗ ಗಾಳಿ-ಪೆಟ್ರೋಲ್ ಅನುಪಾತ 14.7ರ ಸುತ್ತ ಇರುತ್ತೆ. ಪೂರ್ತಿ ಬೂಸ್ಟಿನಲ್ಲಿ 12ರ ಹತ್ತಿರಕ್ಕೆ ಇಳಿಯಬೇಕು. ಇಳಿಯದೆ ಮೇಲೇ ನಿಂತರೆ ಕಾಲು ತೆಗೆಯಿರಿ, ಪೆಟ್ರೋಲ್ ಸಾಲುತ್ತಿಲ್ಲ ಅಂತ ಅರ್ಥ. 95 ಆಕ್ಟೇನ್ ಪೆಟ್ರೋಲ್ ಹಾಕಿಸುತ್ತೇನೆ.

ಕೊಯಮತ್ತೂರಿನ ‘ಕರಿ ಮೋಟಾರ್ ಸ್ಪೀಡ್‌ವೇ’ ರೇಸ್ ಟ್ರ್ಯಾಕಿಗೆ ಕಾರು ಒಯ್ಯುವಾಗ ಚಾಮರಾಜನಗರದ ಮೇಲೆ ಹೋಗೋಣ ಅಂದೆ. ಫ್ಲಾಟ್‌ಬೆಡ್ ಡ್ರೈವರ್ ಒಪ್ಪಲಿಲ್ಲ. ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವು, ಕಾಡಿನ ದಾರಿ, ರಾತ್ರಿ ಓಡಾಟಕ್ಕೆ ನಿರ್ಬಂಧ ಬೇರೆ. “ಸೇಲಂ ಮೇಲೆ ಹೋಗ್ಬುಡುವ ಬುಡಿ ಸಾರ್” ಅಂದ. ಡೀಸೆಲ್ ಜಾಸ್ತಿ ಆದರೂ ಅವನ ಮಾತೇ ಸರಿ.

ಟ್ರ್ಯಾಕಿನಲ್ಲಿ ಕಾರು ಹೇಗಿದೆ? ಎರಡು ಸಾವಿರ ಆರ್‌ಪಿಎಂ ದಾಟಿದ ಮೇಲೆ ಹಿಂದಿನಿಂದ ಯಾರೋ ದಬ್ಬಿದ ಹಾಗಾಗುತ್ತೆ. ತಿರುವಿನಿಂದ ಹೊರಬರುವಾಗ ಬೇಗ ಕಾಲು ಒತ್ತಿದರೆ ಮುಂದಿನ ಚಕ್ರಗಳು ಸುತ್ತಿ ಸ್ಟೀರಿಂಗ್ ಕೈಯಲ್ಲಿ ಎಳೆದಾಡುತ್ತೆ. 1.2ರಲ್ಲಿ ಕಾಲು ಪೂರ್ತಿ ಒತ್ತಿಟ್ಟೇ ಓಡಿಸುತ್ತಿದ್ದ ನನಗೆ ಕಾಲಿನ ಅಭ್ಯಾಸ ಬದಲಾಯಿಸಿಕೊಳ್ಳುವುದು ಎಂಜಿನ್ ಕೂರಿಸುವುದಕ್ಕಿಂತ ಕಷ್ಟವಾಯಿತು. ರೇಸಿಗೆ ಇಳಿಯುವ ಯೋಚನೆ ಇದ್ದರೆ ರೋಲ್ ಕೇಜ್ (ಕಾರು ಮಗುಚಿದರೆ ಕಾಪಾಡುವ ಲೋಹದ ಚೌಕಟ್ಟು), ದೇಶದ ಮೋಟಾರ್ ಸ್ಪೋರ್ಟ್ಸ್ ಸಂಸ್ಥೆ ಎಫ್‌ಎಂಎಸ್‌ಸಿಐ ಕೊಡುವ ಲೈಸೆನ್ಸ್ ಎಲ್ಲ ಬೇಕು. ನಾನು ಇನ್ನೂ ಸ್ಪರ್ಧೆ ಇಲ್ಲದೆ ಸುಮ್ನೆ ಓಡಿಸುವ ಟ್ರ್ಯಾಕ್ ಡೇಗಳಲ್ಲೇ ಇದ್ದೇನೆ.

ಖರ್ಚು ಲಿನಿಯಾ, ಪಾರ್ಟು, ಕೂಲಿ ಎಲ್ಲ ಸೇರಿ ಮೂರು ಲಕ್ಷದ ಹತ್ತಿರ. ಅದರಲ್ಲಿ ಒಂದಷ್ಟು ವಾಪಸ್ ಬಂತು. ಲಿನಿಯಾದ ಸೀಟು, ಬಾಗಿಲು, ಎಸಿ ಕಂಪ್ರೆಸರ್ ಕೇಳಿಕೊಂಡು ಜನ ಬಂದರು. ಫಿಯಟ್ ಇಟ್ಟುಕೊಂಡವರಿಗೆ ಈಗ ಪಾರ್ಟು ಸಿಗುವುದೇ ಕಷ್ಟ ನೋಡಿ. ನನ್ನ ಹಳೇ 1.2 ಎಂಜಿನ್ ಶ್ರೀರಂಗಪಟ್ಟಣದ ಒಬ್ಬ ಪುಂಟೋ ಮಾಲೀಕರಿಗೆ ಹೋಯಿತು. ಕ್ಲಚ್ ಪ್ಲೇಟ್ ಮಾತ್ರ ಲಿನಿಯಾದ ಹಳೇದೇ ಇದೆ, ನಾಲ್ಕನೇ ಗೇರಿನಲ್ಲಿ ಬೂಸ್ಟ್ ಬಂದಾಗ ಸ್ವಲ್ಪ ಜಾರುತ್ತೆ. ಮುಂದಿನ ತಿಂಗಳು ಗೇರ್‌ಬಾಕ್ಸ್ ಇಳಿಸಿ ಅದನ್ನೂ ಹೊಸದು ಹಾಕಿಸಬೇಕು.