ಆರ್‌ನಲ್ಲಿ ಲಿಸ್ಟ್ ಒಳಗೊಂದು ಲಿಸ್ಟ್: ಖಾಲಿ ಡಬ್ಬ ಎಲ್ಲಿಡಬೇಕು?

ಆರ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಲೂಪ್ (ಒಂದೇ ಕೆಲಸವನ್ನು ಸುತ್ತು ಸುತ್ತಾಗಿ ಮಾಡಿಸೋ ಕೋಡ್) ಹಾಕಿ, ಲಿಸ್ಟ್ ಅಂದ್ರೆ ಹೆಸರಿನ ಖಾನೆಗಳಿರುವ ಡಬ್ಬದ ಒಳಗೆ ಇನ್ನೊಂದು ಲಿಸ್ಟ್ ಕಟ್ಟೋದು ಕಷ್ಟದ ಕೆಲಸ ಏನಲ್ಲ. ಎಡವೋದು ಹೆಚ್ಚಾಗಿ ಒಂದೇ ಕಡೆ: ಒಳಗಿನ ಖಾಲಿ ಲಿಸ್ಟನ್ನು ಯಾವ ಸಾಲಿನಲ್ಲಿ ಹುಟ್ಟಿಸಬೇಕು ಅನ್ನೋದರಲ್ಲಿ.

ಆರ್ ಜೊತೆಗೇ ಬರುವ ಐರಿಸ್ ಡೇಟಾ ತಗೊಳ್ಳೋಣ. ಐರಿಸ್ ಹೂವುಗಳ ಅಳತೆ ಅದು: 150 ಹೂವು, 3 ಜಾತಿ (ಸೆಟೋಸಾ, ವರ್ಸಿಕಲರ್, ವರ್ಜಿನಿಕಾ), ಒಂದೊಂದು ಜಾತಿಗೆ 50. ಅಳತೆಯ ಕಾಲಂ 4. ಪ್ರತಿ ಜಾತಿಯ ಕೆಳಗೆ ಪ್ರತಿ ಅಳತೆ, ಅದರ ಕೆಳಗೆ ಸರಾಸರಿ ಮತ್ತು ಕನಿಷ್ಠ-ಗರಿಷ್ಠ ಬೇಕು. ಓದೋಕೆ ಸುಲಭ ಆಗಲಿ ಅಂತ ಕೋಡನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಹೊರ <- ಲಿಸ್ಟ್()
ಫಾರ್ (ಜಾ ಇನ್ ಲೆವೆಲ್ಸ್(ಐರಿಸ್$ಸ್ಪೀಷೀಸ್)) {
  ಒಳ <- ಲಿಸ್ಟ್()
  ಫಾರ್ (ಕಾ ಇನ್ ನೇಮ್ಸ್(ಐರಿಸ್)[1:4]) {
    ಅಳತೆ <- ಐರಿಸ್[ಐರಿಸ್$ಸ್ಪೀಷೀಸ್ == ಜಾ, ಕಾ]
    ಒಳ[[ಕಾ]] <- ಲಿಸ್ಟ್(ಸರಾಸರಿ = ಮೀನ್(ಅಳತೆ), ಮಿತಿ = ರೇಂಜ್(ಅಳತೆ))
  }
  ಹೊರ[[ಜಾ]] <- ಒಳ
}

ಈಗ ಹೊರ[["ಸೆಟೋಸಾ"]][["ಪೆಟಲ್.ಲೆಂತ್"]]$ಸರಾಸರಿ ಅಂತ ಕೇಳಿದರೆ 1.462 ಬರುತ್ತೆ. ಮಿತಿ ಕೇಳಿದರೆ 1.0 ಮತ್ತು 1.9.

ಮೂರನೇ ಸಾಲು ನೋಡಿ, ಒಳ <- ಲಿಸ್ಟ್(). ಅದು ಹೊರಗಿನ ಲೂಪ್‌ನ ಒಳಗಿದೆ, ಒಳಗಿನ ಲೂಪ್‌ನ ಹೊರಗಿದೆ. ಅದರ ಜಾಗ ಅದೇ. ನಾನು ಒಮ್ಮೆ ಅದನ್ನು ಎಲ್ಲಕ್ಕಿಂತ ಮೇಲೆ, ಹೊರ ಪಕ್ಕದಲ್ಲೇ ಇಟ್ಟಿದ್ದೆ, ಉತ್ತರ ಎಲ್ಲಾ ಸರಿಯಾಗೇ ಬಂತು, ಯಾಕಂದ್ರೆ ಪ್ರತಿ ಸುತ್ತಿನಲ್ಲೂ ಅದೇ ನಾಲ್ಕು ಹೆಸರುಗಳ ಮೇಲೆ ಹೊಸ ಬೆಲೆ ಕೂತು ಹಳೆಯದು ಮುಚ್ಚಿಹೋಗುತ್ತಿತ್ತು. ಆಮೇಲೆ ಸರಾಸರಿ 3ಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಸೇರಿಸು ಅಂತ ಒಂದು ಇಫ್ ಹಾಕಿದೆ. ಸೆಟೋಸಾದ ಸೆಪಲ್ ಅಗಲ 3.428, ಅದು ಸೇರಿತು. ವರ್ಸಿಕಲರ್‌ದು 2.770, ಸೇರಬಾರದು. ಆದ್ರೆ ವರ್ಸಿಕಲರ್ ಕೆಳಗೆ 3.428 ಆರಾಮಾಗಿ ಕೂತಿತ್ತು! ತೊಳೆಯದ ಡಬ್ಬಕ್ಕೆ ಇವತ್ತಿನ ಊಟ ಹಾಕಿದ ಹಾಗೆ, ನಿನ್ನೆಯ ಸಾರು ತಳದಲ್ಲೇ ಉಳಿದಿತ್ತು. ಎರರ್ ಇಲ್ಲ, ವಾರ್ನಿಂಗ್ ಇಲ್ಲ.

ಅದೇ ಸಾಲನ್ನು ಒಳಗಿನ ಲೂಪ್‌ಗೆ ತಳ್ಳಿದರೆ ಉಲ್ಟಾ ತಾಪತ್ರಯ. ಪ್ರತಿ ಕಾಲಂಗೂ ಡಬ್ಬ ಖಾಲಿಯಾಗಿ, ಕೊನೆಗೆ ನಾಲ್ಕನೇ ಕಾಲಂ ಮಾತ್ರ ಉಳಿಯುತ್ತೆ.

ಪೈಥಾನ್ ಅನ್ನೋ ಇನ್ನೊಂದು ಭಾಷೆಯಿಂದ ಬಂದವರಿಗೆ ಒಂದು ಮಾತು: ಅಲ್ಲಿನ ಹಾಗಲ್ಲ, ಆರ್‌ನಲ್ಲಿ ಹೊರ[[ಜಾ]] <- ಒಳ ಅಂದ ಮೇಲೆ ಒಳ ಬದಲಾದರೂ ಹೊರದಲ್ಲಿ ಸೇರಿದ್ದು ಬದಲಾಗಲ್ಲ. ಹಾಗಾಗಿ ಒಂದೇ ಹೆಸರನ್ನು ಸುತ್ತು ಸುತ್ತಿಗೂ ಬಳಸೋಕೆ ಹೆದರಬೇಡಿ.

ಬ್ರಾಕೆಟ್ ವಿಷಯ. ಹೊರ[ಜಾ] <- ಒಳ ಅಂತ ಒಂದೇ ಬ್ರಾಕೆಟ್ ಹಾಕಿದರೆ ಒಳ ಲಿಸ್ಟಿನ ಮೊದಲ ಐಟಂ ಮಾತ್ರ ಹೋಗಿ ಕೂರುತ್ತೆ, ಜೊತೆಗೊಂದು ವಾರ್ನಿಂಗ್. ಹೊರ$ಜಾ ಅಂತ ಬರೆದರೆ ಇನ್ನೂ ಮೋಸ: ಆರ್ ಅದನ್ನು ವೇರಿಯಬಲ್ ಅಂತ ನೋಡಲ್ಲ, ಜಾ ಅನ್ನೋ ಹೆಸರಿನ ಒಂದೇ ಖಾನೆ ಮಾಡಿ, ಮೂರು ಸಲವೂ ಅದರ ಮೇಲೇ ಬರೆಯುತ್ತೆ. ಕೊನೆಗೆ ಸಿಗೋದು ವರ್ಜಿನಿಕಾ ಒಂದೇ.

ಸ್ಪ್ಲಿಟ್ (ಡೇಟಾವನ್ನು ಗುಂಪಾಗಿ ಒಡೆಯೋದು) ಮತ್ತು ಎಲ್-ಅಪ್ಲೈ (ಪ್ರತಿ ಗುಂಪಿಗೂ ಒಂದೇ ಕೆಲಸ ಮಾಡಿಸೋದು) ಬಳಸಿ ಇದನ್ನೇ ಚಿಕ್ಕದಾಗಿ ಬರೆಯಬಹುದು, ನಿಜ. ಆದ್ರೆ ಮಧ್ಯದಲ್ಲಿ ಇಫ್ ತುರುಕಬೇಕು, ಏನಾಗ್ತಿದೆ ಅಂತ ಪ್ರಿಂಟ್ ಹಾಕಿ ನೋಡಬೇಕು ಅಂದ್ರೆ ನನಗೆ ಲೂಪೇ ಇಷ್ಟ. ಸಾವಿರಾರು ಐಟಂ ಇದ್ದರೆ ಮಾತ್ರ, ವೆಕ್ಟರ್("ಲಿಸ್ಟ್", ಎನ್) ಅಂತ ಮೊದಲೇ ಜಾಗ ಕಾದಿರಿಸಿ.

ಇನ್ನೊಂದು, ಖಾನೆಗೆ ನಲ್ (ಆರ್‌ನಲ್ಲಿ 'ಏನೂ ಇಲ್ಲ' ಅನ್ನೋ ಪದ) ಹಾಕಿದರೆ ಅದು ಖಾಲಿ ಆಗಲ್ಲ, ಖಾನೆಯೇ ಮಾಯ ಆಗುತ್ತೆ. ಖಾಲಿ ಅಂತ ತೋರಿಸಬೇಕಿದ್ದರೆ ಎನ್‌ಎ ('ಬೆಲೆ ಗೊತ್ತಿಲ್ಲ' ಅನ್ನೋ ಗುರುತು) ಹಾಕಿ. ಕಟ್ಟಿ ಮುಗಿದ ಮೇಲೆ ಇಡೀ ಲಿಸ್ಟ್ ಪ್ರಿಂಟ್ ಮಾಡಿ ಕಣ್ಣು ನೋಯಿಸಿಕೊಳ್ಳಬೇಡಿ. ಲಿಸ್ಟಿನ ರಚನೆ ತೋರಿಸೋ ಎಸ್‌ಟಿಆರ್ ಇದೆ: ಎಸ್‌ಟಿಆರ್(ಹೊರ, ಮ್ಯಾಕ್ಸ್.ಲೆವೆಲ್ = 2) ಅಂದರೆ ಜಾತಿ, ಅದರ ಕೆಳಗಿನ ಕಾಲಂ, ಇಷ್ಟು ಮಾತ್ರ ತೋರಿಸುತ್ತೆ. ನಾನು ಆ ಇಫ್ ಹಾಕಿದ ದಿನ ಇದನ್ನು ನೋಡಿದ್ದರೆ, ವರ್ಸಿಕಲರ್ ಕೆಳಗೆ ಎರಡರ ಬದಲು ಮೂರು ಹೆಸರಿರೋದು ಆಗಲೇ ಕಾಣುತ್ತಿತ್ತು.